ಒಡಿಕತ್ತಿ ಕಟ್ಟುವ ಮೊದಲು ಓದಬೇಕಾದದ್ದು

ಒಂಬತ್ತು ವರ್ಷಗಳ ಹಿಂದೆ ಕಕ್ಕಬ್ಬೆಯ ಸಮೀಪದ ಒಂದು ಶಾಲೆಯ ಮೈದಾನದಲ್ಲಿ ನಾವು ಏಳು ಮಂದಿ ಚರಿತ್ರೆಯ ಮರುಪ್ರದರ್ಶನವೊಂದಕ್ಕೆ ಅರಸ ದೊಡ್ಡವೀರರಾಜೇಂದ್ರನ ಕಾಲದ ಕೊಡಗಿನ ಯೋಧರಾಗಿ ಮೊದಲ ಬಾರಿಗೆ ನಿಂತೆವು. ಮೈಮೇಲೆ ಕರಿಯ ಕುಪ್ಯ, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಬೆಳ್ಳಿಯ ಪೀಚೆಕತ್ತಿ, ಕೈಯಲ್ಲಿ ಮನೆಮನೆಯಿಂದ ಕೇಳಿ ತಂದ ಹಳೆಯ ಕೇಪಿನ (ಬಡಿದರೆ ಸಿಡಿಯುವ ಸಣ್ಣ ಲೋಹದ ಟೋಪಿಯ) ಕೋವಿಗಳು. ಮಕ್ಕಳು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಎಲ್ಲ ಮುಗಿದ ಮೇಲೆ, ಸೈನ್ಯದಲ್ಲಿ ಆಯುಧಗಳ ದುರಸ್ತಿಯ ಕೆಲಸ ಮಾಡಿ ನಿವೃತ್ತರಾಗಿದ್ದ ಅಜ್ಜರೊಬ್ಬರು ಹತ್ತಿರ ಬಂದು ನನ್ನ ಕೋವಿಯನ್ನು ಕೈಗೆ ತೆಗೆದುಕೊಂಡರು. ಅದರ ಕುದುರೆಯನ್ನು, ಎಂದರೆ ಕೇಪನ್ನು ಬಡಿಯುವ ಕೊಕ್ಕೆಯನ್ನು, ಮೆಲ್ಲಗೆ ಎತ್ತಿ, ಕೇಪು ಕೂರಿಸುವ ಮೊಳೆಯನ್ನು ಹೆಬ್ಬೆರಳಿನಿಂದ ಉಜ್ಜಿ, "ಮಗಾ, ಇದು ನನ್ನ ಮುತ್ತಜ್ಜನ ಕಾಲದ ಕೋವಿ. ರಾಜನ ಕಾಲದಲ್ಲಿ ಕೇಪು ಎಲ್ಲಿತ್ತು?" ಎಂದು ಕೇಳಿದರು.

ನನ್ನ ಬಳಿ ಉತ್ತರವಿರಲಿಲ್ಲ. ಆ ರಾತ್ರಿ ಹುಡುಕಿ ಓದಿದಾಗ ಅಜ್ಜನ ಮಾತು ಅಕ್ಷರಶಃ ನಿಜವೆಂದು ತಿಳಿಯಿತು. ಬಡಿತಕ್ಕೆ ಸಿಡಿಯುವ ಮದ್ದಿನಿಂದ ಕೋವಿ ಹಾರಿಸುವ ವಿಧಾನಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಫಾರ್ಸೈತ್ ಹಕ್ಕುಪತ್ರ ಪಡೆದದ್ದು 1807ರಲ್ಲಿ. ಬ್ರಿಟಿಷ್ ಸೇನೆ ಕೇಪಿನ ಕೋವಿಗೆ ಬದಲಾದದ್ದು 1840ರ ಆಸುಪಾಸಿನಲ್ಲಿ. ನಾವು ಆಡಿ ತೋರಿಸಿದ ಕಥೆಯ ವರ್ಷ 1791. ದೊಡ್ಡವೀರರಾಜೇಂದ್ರ ತೀರಿಕೊಂಡದ್ದೇ 1809ರಲ್ಲಿ. ಆ ಮಕ್ಕಳು ನಮ್ಮನ್ನು ನಂಬಿ ನೋಡಿದ್ದರು ಎಂಬುದು ನನ್ನನ್ನು ಬಹಳ ದಿನ ಕಾಡಿತು. ಚಾರಿತ್ರಿಕ ಕದನಗಳ ಮರುಪ್ರದರ್ಶನಕ್ಕೆ ಹೊಸದಾಗಿ ಬರುವವರು ಏನನ್ನು ಓದಬೇಕು, ಅದಕ್ಕಿಂತ ಮುಖ್ಯವಾಗಿ ಹೇಗೆ ಓದಬೇಕು ಎಂಬುದನ್ನು ನಾನು ಕಲಿಯತೊಡಗಿದ್ದು ಅಂದಿನಿಂದ.

ಮೊದಲು ಒಂದು ವರ್ಷವನ್ನು ಆರಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. "ರಾಜರ ಕಾಲ" ಎಂಬುದು ಓದುವುದಕ್ಕೂ ಉಡುಪು ಹೊಲಿಸುವುದಕ್ಕೂ ಉಪಯೋಗಕ್ಕೆ ಬಾರದ ಮಾತು. ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೇನೆ ಕೊಡಗಿನ ಮೂಲಕ ಘಟ್ಟ ಹತ್ತಿದ 1791, ಸಿದ್ದೇಶ್ವರದ ಕಾಳಗ ನಡೆದ 1799, ಕೊನೆಯ ಅರಸ ಚಿಕ್ಕವೀರರಾಜೇಂದ್ರ ಪದಚ್ಯುತನಾದ 1834, ಅಮರ ಸುಳ್ಯದ ರೈತರು ದಂಡೆದ್ದ 1837 ಇವೆಲ್ಲವೂ ಒಂದೇ ಮಣ್ಣಿನಲ್ಲಿ ನಡೆದಿದ್ದರೂ ಎದುರಾಳಿ ಬೇರೆ, ಕವಾಯತು ಬೇರೆ, ಕಾರಣ ಬೇರೆ. ವರ್ಷ ನಿಶ್ಚಯವಾದರೆ ಓದಬೇಕಾದ ಪುಸ್ತಕಗಳ ರಾಶಿ ತಾನಾಗಿ ಕರಗುತ್ತದೆ.

ಕೊಡಗಿನವರಾದ ನಮಗೆ ಮೊದಲ ಪುಸ್ತಕ ರಾಜೇಂದ್ರನಾಮೆಯೇ ಆಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ದೊಡ್ಡವೀರರಾಜೇಂದ್ರನು ತನ್ನ ವಂಶದ ಚರಿತ್ರೆಯನ್ನು ಕನ್ನಡದಲ್ಲಿ ಬರೆಸಿದ ಈ ಕೃತಿ 1633ರಿಂದ 1807ರವರೆಗಿನ ಸಂಗತಿಗಳನ್ನು ಹೇಳುತ್ತದೆ. 1808ರಲ್ಲಿ ಇದನ್ನು ಇಂಗ್ಲಿಷಿಗೆ ತಂದವನ ಹೆಸರೂ ಅಬರ್‌ಕ್ರಾಂಬಿಯೇ, ಆದರೆ ಆತ ಒಬ್ಬ ಲೆಫ್ಟಿನೆಂಟ್. ಜನರಲ್ ಅಬರ್‌ಕ್ರಾಂಬಿ ಬೇರೆ ವ್ಯಕ್ತಿ. ಹೊಸಬರು ಇಬ್ಬರನ್ನೂ ಒಬ್ಬನೆಂದೇ ತಿಳಿಯುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಅರಸನೇ ಬರೆಸಿದ ಚರಿತ್ರೆಯಾದ್ದರಿಂದ ಅರಸನ ಸೋಲುಗಳು ಅದರಲ್ಲಿ ಚಿಕ್ಕದಾಗಿ, ಗೆಲುವುಗಳು ದೊಡ್ಡದಾಗಿ ಕಾಣುವುದು ಸಹಜ, ಆ ಎಚ್ಚರವಿಟ್ಟುಕೊಂಡೇ ಓದಬೇಕು. ಆದರೂ 1788ರ ಕೊನೆಯಲ್ಲಿ ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಯುವಕ ದೊಡ್ಡವೀರರಾಜೇಂದ್ರ ನಾಡನ್ನು ಮತ್ತೆ ಕಟ್ಟಿದ ಬಗೆಯನ್ನು ಅವನ ಆಸ್ಥಾನದ ಕನ್ನಡದಲ್ಲಿಯೇ ಓದುವಾಗ ಸಿಗುವ ಕಸುವು ಬೇರೆಲ್ಲಿಯೂ ಸಿಗುವುದಿಲ್ಲ. ನಾನು ಮೊದಲ ಸಲ ಅದನ್ನು ಕಥೆಯೆಂದು ಓದಿದೆ. ಎರಡನೆಯ ಸಲ ಒಂದು ನೋಟ್‌ಬುಕ್ ಇಟ್ಟುಕೊಂಡು, ಯಾರು ಯಾವ ದಾರಿಯಲ್ಲಿ ಹೋದರು, ಎಲ್ಲಿ ತಂಗಿದರು, ಯಾವ ಕೋಟೆಯಲ್ಲಿ ಏನಿತ್ತು ಎಂಬುದನ್ನಷ್ಟೇ ಬರೆದುಕೊಳ್ಳುತ್ತಾ ಓದಿದೆ. ನಮ್ಮ ಕೆಲಸಕ್ಕೆ ಒದಗಿದ್ದು ಎರಡನೆಯ ಓದು.

ಅದರ ಪಕ್ಕದಲ್ಲಿ ಕೊಡಗಿನ ಅರಸನ ಮಿತ್ರರಾಗಿದ್ದ ಈಸ್ಟ್ ಇಂಡಿಯಾ ಕಂಪನಿಯವರ ಬರಹ ಇರಲೇಬೇಕು. 1799ರ ಸಿದ್ದೇಶ್ವರದ ಕಾಳಗವನ್ನು ಬ್ರಿಟಿಷ್ ಅಧಿಕಾರಿ ಬೀಟ್ಸನ್ 1800ರಲ್ಲಿಯೇ ಪ್ರಕಟಿಸಿದ ಯುದ್ಧವೃತ್ತಾಂತದಲ್ಲಿಯೂ ವಿಲ್ಕ್ಸ್ ಬರೆದ ದಕ್ಷಿಣ ಭಾರತದ ಇತಿಹಾಸದಲ್ಲಿಯೂ ಓದಬಹುದು. ಮಾರ್ಚ್ 5ರಂದು ಗುಡ್ಡದ ತುದಿಯಿಂದ ಪಿರಿಯಾಪಟ್ಟಣದ ದಿಕ್ಕಿಗೆ ನೋಡುತ್ತಿದ್ದವರಿಗೆ ಡೇರೆಗಳ ನಡುವೆ ಒಂದು ದೊಡ್ಡ ಹಸಿರು ಡೇರೆ ಕಾಣಿಸಿತು. ಟಿಪ್ಪು ಸುಲ್ತಾನನೇ ಬಂದಿರಬಹುದೆಂಬ ಅನುಮಾನ ಅಲ್ಲಿ ಹುಟ್ಟಿತು. ಮರುದಿನ ಕಾಡು ಮತ್ತು ಮಬ್ಬಿನ ಮರೆಯಲ್ಲಿ ಮೈಸೂರಿನ ಸೇನೆ ಮುಂದಿದ್ದ ಕಂಪನಿಯ ತುಕಡಿಯನ್ನು ಸುತ್ತುವರಿಯಿತು. ಬೆಂಕಿ ನವಾಬನೆಂದು ಹೆಸರಾಗಿದ್ದ ಮಹಮ್ಮದ್ ರಜಾ ಆ ದಿನ ಮಡಿದ. ನಾನು ಆ ಹಸಿರು ಡೇರೆಯ ವಾಕ್ಯವನ್ನು ಓದಿದ ಮೇಲೆ ಅದೇ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಆ ಗಡಿಭಾಗಕ್ಕೆ ಹೋಗಿ ನಿಂತೆ. ಒಂಬತ್ತು ಗಂಟೆಯಾದರೂ ತಗ್ಗಿನಲ್ಲಿ ಮಂಜು ಹಾಲಿನ ಕೆನೆಯಂತೆ ಕಟ್ಟಿಕೊಂಡಿತ್ತು, ನೂರು ಮಾರು ಆಚೆಗಿನ ಮರ ಕಾಣಿಸುತ್ತಿರಲಿಲ್ಲ. ಕಾವಲಿನವನೊಬ್ಬ ಅಂದು ಕಿವಿಯನ್ನೇ ನಂಬಿ ನಿಂತಿರಬೇಕು ಎಂಬುದು ಅಲ್ಲಿ ಹೊಳೆಯಿತು. ನಮ್ಮ ಪ್ರದರ್ಶನದ ಕಾವಲುಗಾರ ಈಗ ಹುಬ್ಬಿನ ಮೇಲೆ ಕೈಯಿಟ್ಟು ದೂರ ನೋಡುವುದಿಲ್ಲ. ತಲೆ ವಾಲಿಸಿ ಆಲಿಸುತ್ತಾನೆ.

ಈ ಇಂಗ್ಲಿಷ್ ಬರಹಗಳಲ್ಲಿ ನಮ್ಮ ಊರುಗಳ ಹೆಸರುಗಳು ಗುರುತು ಸಿಗದಂತೆ ಕುಳಿತಿವೆ. ಸಿದ್ದೇಶ್ವರ ಅಲ್ಲಿ "ಸೀಡಸೀರ್" ಆಗಿದೆ, ಮಡಿಕೇರಿ "ಮರ್ಕಾರಾ" ಆಗಿದೆ. ಪುಸ್ತಕವನ್ನು ಗಟ್ಟಿಯಾಗಿ ಓದಿ, ಪಕ್ಕದಲ್ಲಿ ಊರಿನ ಹಿರಿಯರೊಬ್ಬರನ್ನು ಕೂರಿಸಿಕೊಂಡರೆ ಅರ್ಧ ಹೆಸರುಗಳು ಅಲ್ಲೇ ಬಿಡಿಸಿಕೊಳ್ಳುತ್ತವೆ. ದೂರದ ವಿದ್ವಾಂಸರಿಗೆ ಇಲ್ಲದ ಈ ಅನುಕೂಲವನ್ನು ನಾವು ಬಳಸಿಕೊಳ್ಳದಿದ್ದರೆ ಅದು ನಮ್ಮದೇ ನಷ್ಟ.

ಮೈಸೂರಿನ ಸೈನಿಕನ ಪಾತ್ರ ವಹಿಸುವವರು ಟಿಪ್ಪುವಿನ ಕಾಲದ ಪರ್ಷಿಯನ್ ಸೇನಾ ಕೈಪಿಡಿಯಾದ ಫತ್‌ಹುಲ್ ಮುಜಾಹಿದೀನ್ ಬಗ್ಗೆ ತಿಳಿದಿರಬೇಕು. 1811ರಲ್ಲಿ ಕರ್ಕ್‌ಪ್ಯಾಟ್ರಿಕ್ ಪ್ರಕಟಿಸಿದ ಟಿಪ್ಪುವಿನ ಪತ್ರಗಳ ಸಂಪುಟದ ಅನುಬಂಧದಲ್ಲಿ ಅದರ ವಿವರಣೆಯಿದೆ. ಉಡುಪಿಗಾಗಿ ಎಲ್ಲರೂ ಶ್ರೀರಂಗಪಟ್ಟಣದ ಅರಮನೆ ದರಿಯಾ ದೌಲತ್‌ನ ಗೋಡೆಯ ಮೇಲಿರುವ 1780ರ ಪೊಲ್ಲಿಲೂರು ಕದನದ ಚಿತ್ರಕ್ಕೆ ಹೋಗುತ್ತಾರೆ. ಹೋಗಲಿ, ಆದರೆ ಅದು ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ, 1850ರ ದಶಕದಲ್ಲಿ, ಮತ್ತೆ ಬಣ್ಣ ಹಚ್ಚಿಸಿಕೊಂಡ ಚಿತ್ರ ಎಂಬುದನ್ನು ನೆನಪಿಟ್ಟುಕೊಂಡು ನೋಡಬೇಕು. ಗೋಡೆಯಲ್ಲಿ ಕಂಡದ್ದು ಬರಹದಲ್ಲಿಯೂ ಸಿಕ್ಕರೆ ಮಾತ್ರ ನಾವು ಬಟ್ಟೆ ಕತ್ತರಿಸುತ್ತೇವೆ. ರಾಕೆಟ್ಟಿನ ವಿಷಯದಲ್ಲಿ ಪುಸ್ತಕಕ್ಕಿಂತ ವಸ್ತುವೇ ಮೇಲು. ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಹೊರಬಂದಿವೆ.

ಕಂಪನಿಯ ಸಿಪಾಯಿಯ ದಿನಚರಿಗೆ ನಾನು ಸೂಚಿಸುವುದು ಎಡ್ವರ್ಡ್ ಮೂರ್ 1794ರಲ್ಲಿ ಪ್ರಕಟಿಸಿದ ವೃತ್ತಾಂತ. ಅದು ಕೊಡಗಿನದಲ್ಲ, ಪರಶುರಾಮ ಭಾವುವಿನ ಮರಾಠಾ ಸೇನೆಯ ಜೊತೆಗೆ ಧಾರವಾಡದ ಕಡೆ ಹೋದ ಬೊಂಬಾಯಿ ತುಕಡಿಯದು. ಆದರೆ ಅದೇ ಯುದ್ಧದಲ್ಲಿ ನಮ್ಮ ಘಟ್ಟ ಹತ್ತಿದವರೂ ಬೊಂಬಾಯಿಯ ಸಿಪಾಯಿಗಳೇ. ದಂಡಿನ ಜೊತೆ ನಡೆದವನು ಬರೆದದ್ದಾದ್ದರಿಂದ ಸೇನಾಪತಿಗಳು ಹೇಳದೆ ಬಿಟ್ಟ ಸಣ್ಣ ಸಂಗತಿಗಳು ಅದರಲ್ಲಿ ಸಿಗುತ್ತವೆ.

ಕವಾಯತಿನ ಪುಸ್ತಕಗಳಲ್ಲಿ ಹೊಸಬರು ಅತಿ ಹೆಚ್ಚು ಎಡವುತ್ತಾರೆ. ಅಂತರ್ಜಾಲದಲ್ಲಿ ಕೈಗೆ ಮೊದಲು ಸಿಗುವುದು ನೆಪೋಲಿಯನ್ ಕಾಲದ್ದು. ಡಂಡಾಸ್‌ನ ಪದ್ಧತಿಯ ಬ್ರಿಟಿಷ್ ನಿಯಮಾವಳಿ ಹೊರಬಂದದ್ದು 1792ರಲ್ಲಿ. ಆದ್ದರಿಂದ 1799ರ ತುಕಡಿಗೆ ಅದನ್ನು ಆಧಾರವಾಗಿ ಇಟ್ಟುಕೊಳ್ಳಬಹುದು, 1791ರದ್ದಕ್ಕೆ ಇಟ್ಟುಕೊಳ್ಳಲಾಗದು. ಅದಕ್ಕೆ 1764ರ ಕೋವಿ ಕವಾಯತನ್ನೇ ಹುಡುಕಬೇಕು. ನಾವು ಇದನ್ನು ಮರದ ಕೋವಿಯೊಂದಿಗೆ ಕಾಫಿ ಕಣದಲ್ಲಿ ಅಭ್ಯಾಸ ಮಾಡಿದೆವು. ಒಬ್ಬರು ಆಜ್ಞೆಯನ್ನು ಪುಸ್ತಕದಿಂದ ಓದುವುದು, ಉಳಿದವರು ಮಾಡುವುದು: ತೋಟೆಯ ಕಾಗದವನ್ನು ಹಲ್ಲಿನಿಂದ ಹರಿದು, ಕೋವಿಯ ಕಿಡಿ ಬೀಳುವ ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ ಮುಚ್ಚಿ, ಉಳಿದದ್ದನ್ನು ನಳಿಗೆಗೆ ಸುರಿದು, ಗಜದ ಕೋಲಿನಿಂದ ಜಡಿಯುವುದು. ಇದೇ ಚಲನೆಗಳನ್ನು ಕುಪ್ಯ ತೊಟ್ಟು ಚೇಲೆ ಬಿಗಿದುಕೊಂಡು ಮಾಡಿ ನೋಡಿದಾಗ ಗಜವನ್ನು ಎಳೆಯುವ ಪ್ರತಿ ಸಲವೂ ಮೊಣಕೈ ಪೀಚೆಕತ್ತಿಯ ಹಿಡಿಗೆ ತಾಗುತ್ತಿತ್ತು. ಕೆಂಪು ಕೋಟಿನ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಕವಾಯತು ಕೊಡಗಿನ ಯೋಧನ ಮೈಗೆ ಹೊಂದುವುದಿಲ್ಲ ಎಂಬುದನ್ನು ಎರಡು ಸಾಲು ಓದಿ ಒಂದು ಗಂಟೆ ಮೈ ದಣಿಸಿದ್ದರಿಂದಲೇ ನಾವು ಅರಿತೆವು. ಆಮೇಲೆ ಕೊಡಗಿನ ಪಾತ್ರಧಾರಿಗಳನ್ನು ಸಾಲಿನಿಂದ ತೆಗೆದು ಮರಗಳ ನಡುವೆ ಚದುರಿಸಿದೆವು.

ನಮ್ಮ ನೆಲದ ಯುದ್ಧದ ರೀತಿಗೆ ರಿಕ್ಟರ್ 1870ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ಕೊಡಗಿನ ಕೈಪಿಡಿ ಒಳ್ಳೆಯ ಬಾಗಿಲು. ಪಾದ್ರಿಯ ಕಣ್ಣಿನ ಪೂರ್ವಗ್ರಹ ಅದರಲ್ಲಿ ಇದ್ದೇ ಇದೆ. ಆದರೆ ಉಡುಪು, ಆಯುಧ, ಮನೆ, ಮುಖ್ಯವಾಗಿ ಕಡಂಗಗಳ ವಿವರಣೆ ಇದೆ. ಬೆಟ್ಟ, ಕಾಡು, ಬಯಲು ಯಾವುದನ್ನೂ ಲೆಕ್ಕಿಸದೆ ಮೈಲುಗಟ್ಟಲೆ ಸಾಗುವ ಆಳವಾದ ಕಂದಕ, ಅಗೆದ ಮಣ್ಣಿನದೇ ದಂಡೆ. ನನ್ನ ಮಾವನ ತೋಟದ ಅಂಚಿನಲ್ಲಿ ಅಂಥದ್ದೊಂದು ಹಾದುಹೋಗುತ್ತದೆ. ಚಿಕ್ಕಂದಿನಿಂದ ಅದನ್ನು ನೀರಿನ ತೋಡೆಂದೇ ತಿಳಿದಿದ್ದೆ. ಪುಸ್ತಕ ಓದಿದ ಮೇಲೆ ಹಗ್ಗ ಹಿಡಿದು ಅದರೊಳಗೆ ಇಳಿದೆ. ಎಲೆ, ಮಣ್ಣು ಬಿದ್ದು ತುಂಬಿದ್ದರೂ ತಳದಲ್ಲಿ ನಿಂತರೆ ದಂಡೆಯ ತುದಿ ನನ್ನ ತಲೆಯಿಂದ ಒಂದು ಆಳು ಮೇಲಿತ್ತು. ಹತ್ತಲು ಬೇರು ಹಿಡಿಯಬೇಕಾಯಿತು, ಎರಡೂ ಕೈ ಬೇಕಾದವು. ಮೇಲೆ ಒಬ್ಬ ಕೋವಿ ಹಿಡಿದು ಕುಳಿತಿದ್ದರೆ ಕೆಳಗಿನ ಹತ್ತು ಮಂದಿಯ ಗತಿ ಏನಾಗುತ್ತಿತ್ತೆಂದು ಬೆವರೊರೆಸಿಕೊಳ್ಳುತ್ತಾ ಯೋಚಿಸಿದೆ.

ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ಪಟ್ಟೋಲೆ ಪಳಮೆಯನ್ನು ಕೆಲವರು ಹಾಡಿನ ಪುಸ್ತಕವೆಂದು ಬದಿಗಿಡುತ್ತಾರೆ. ಇದು ದೊಡ್ಡ ತಪ್ಪು. ಹಾಡಿನಿಂದ ಇಸವಿ ಸಿಗುವುದಿಲ್ಲ, ನಿಜ. ಆದರೆ ವಸ್ತುಗಳಿಗೆ ನಮ್ಮ ಹಿರಿಯರು ಇಟ್ಟ ಹೆಸರುಗಳು, ಅವುಗಳನ್ನು ಧರಿಸುವ ಕ್ರಮ, ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನ ಆಚರಣೆ ಇವೆಲ್ಲ ದುಡಿಯ ಲಯದೊಂದಿಗೆ ಅಲ್ಲಿವೆ. ಕೊಡವ ಭಾಷೆ ಬಾರದವರು ಬಲ್ಲವರ ಪಕ್ಕ ಕುಳಿತು ಕೇಳಬೇಕು. ಒಡಿಕತ್ತಿ ಎಂಬ ಅಗಲ ಅಲಗಿನ ಕೊಡಗಿನ ಕತ್ತಿಯನ್ನು ಬೆನ್ನಿನ ತೋಡಂಗಿನಿಂದ (ಕತ್ತಿ ಸಿಕ್ಕಿಸುವ ಕೊಂಡಿಯಿಂದ) ಎಳೆಯುವ ಬಗೆಯನ್ನು ಯಾವ ಪುಸ್ತಕವೂ ನನಗೆ ಕಲಿಸಲಿಲ್ಲ. ಮದುವೆಯಲ್ಲಿ ಬಾಳೆ ಕಡಿಯುವ ಹಿರಿಯರ ಭುಜವನ್ನು ಹಿಂದಿನಿಂದ ನೋಡಿ ಕಲಿತೆ. ಅದೂ ಒಂದು ಓದೇ ಎಂದು ನಾನು ಭಾವಿಸುತ್ತೇನೆ.

ಮಾಸ್ತಿಯವರ ಚಿಕವೀರ ರಾಜೇಂದ್ರವನ್ನು ಓದಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಅವಶ್ಯವಾಗಿ ಓದಿ, ಆದರೆ ಅದು ಕಾದಂಬರಿ, ಅದರ ಒಂದು ಸಂಭಾಷಣೆಯನ್ನೂ ಚರಿತ್ರೆಯೆಂದು ವೇದಿಕೆಯ ಮೇಲೆ ಹೇಳಬೇಡಿ.

ಇನ್ನೊಂದು ಮಾತನ್ನು ಭಾರವಾದ ಮನಸ್ಸಿನಿಂದಲೇ ಬರೆಯುತ್ತಿದ್ದೇನೆ. ಟಿಪ್ಪುವಿನ ಕಾಲದಲ್ಲಿ ಸೆರೆಯಾಗಿ ಹೋದವರ ನೆನಪು ಇಲ್ಲಿಯ ಎಷ್ಟೋ ಮನೆಗಳಲ್ಲಿ ಇನ್ನೂ ಹಸಿಯಾಗಿದೆ. ಸೆರೆಯಾದವರ ಸಂಖ್ಯೆ ಪುಸ್ತಕದಿಂದ ಪುಸ್ತಕಕ್ಕೆ ಬೇರೆಯಾಗುತ್ತದೆ. ಆದ್ದರಿಂದ ನಾವು ಪ್ರದರ್ಶನದಲ್ಲಿ ಯಾವ ಸಂಖ್ಯೆಯನ್ನೂ ಕೂಗುವುದಿಲ್ಲ. ನಮ್ಮ ಗುಂಪಿನಲ್ಲಿ ಮೈಸೂರಿನ ಸೈನಿಕನಾಗುವ ಗೆಳೆಯನಿಗೂ ಕೊಡಗಿನ ಯೋಧನಾಗುವವನಿಗೂ ಒಂದೇ ಪುಸ್ತಕಗಳ ಕಟ್ಟು ಸಿಗುತ್ತದೆ. ಇಬ್ಬರೂ ಎರಡೂ ಕಡೆಯದನ್ನು ಓದಿ ಮುಗಿಸುವವರೆಗೆ ಅಭ್ಯಾಸಕ್ಕೆ ಇಳಿಯುವುದಿಲ್ಲ. ಒಂದೇ ಕಡೆಯನ್ನು ಓದಿ ಬಂದವನ ಕೈಯಲ್ಲಿ ಮರದ ಕತ್ತಿಯೂ ಅಪಾಯಕಾರಿ.

ಕಾನೂನನ್ನೂ ಓದಬೇಕು: 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು, ಮದ್ದಿನ ವಿಷಯಕ್ಕೆ 1884ರ ಸ್ಫೋಟಕ ಕಾಯ್ದೆ. ಕೊಡವರಿಗೂ ಜಮ್ಮಾ ಎಂಬ ಕೊಡಗಿನ ಆನುವಂಶಿಕ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಇರುವ ವಿನಾಯಿತಿಯನ್ನು ಸಾರ್ವಜನಿಕ ಮೈದಾನದಲ್ಲಿ ಗುಂಡು ಹಾರಿಸುವ ಅನುಮತಿಯೆಂದು ತಿಳಿಯಬಾರದು. ನಾವು ಮರದ ಕೋವಿಗಳನ್ನೇ ಬಳಸುತ್ತೇವೆ.

ಕಳೆದ ಸೆಪ್ಟೆಂಬರಿನಲ್ಲಿ ಸೋಮವಾರಪೇಟೆಯ ಕಡೆಯ ಹುಡುಗನೊಬ್ಬ ಬಂದು, "ಅಣ್ಣ, ಒಳ್ಳೆಯ ಕತ್ತಿ ಎಲ್ಲಿ ಮಾಡಿಸಬೇಕು?" ಎಂದು ಕೇಳಿದ. ನಾನು ರಾಜೇಂದ್ರನಾಮೆಯನ್ನೂ ಮೂರ್‌ನ ಪುಸ್ತಕದ ನೂರು ಪುಟಗಳ ಜೆರಾಕ್ಸನ್ನೂ ಒಂದು ಖಾಲಿ ನೋಟ್‌ಬುಕ್ಕನ್ನೂ ಕೊಟ್ಟು ಕಳುಹಿಸಿದೆ. ಆರು ವಾರಗಳ ಮೇಲೆ ಬಂದವನು ಕತ್ತಿಯ ಮಾತೆತ್ತಲಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ "ದಂಡಿಗೆ ಹೊರಟವನು ಅಕ್ಕಿಯನ್ನು ಯಾವುದರಲ್ಲಿ ಕಟ್ಟಿಕೊಳ್ಳುತ್ತಿದ್ದ? ಮಳೆಯಲ್ಲಿ ಅದು ನೆನೆಯದಂತೆ ಏನು ಮಾಡುತ್ತಿದ್ದ?" ಎಂದು ಬರೆದಿದ್ದ. ಅದರ ಕೆಳಗೆ, ತನ್ನ ಅಜ್ಜಿಯನ್ನು ಕೇಳಿ, ಬಾಡಿಸಿದ ಬಾಳೆಲೆಯಲ್ಲಿ ಬುತ್ತಿ ಸುತ್ತುವ ಮೂರು ಬಗೆಯ ಮಡಿಕೆಗಳ ಚಿತ್ರವನ್ನು ಪೆನ್ಸಿಲಿನಲ್ಲಿ ಬಿಡಿಸಿಕೊಂಡು ಬಂದಿದ್ದ. ಮುಂದಿನ ಭಾನುವಾರವೇ ಅಭ್ಯಾಸಕ್ಕೆ ಬಾ ಎಂದೆ.