‘ಸ್ವಲ್ಪ ಓಡಾಡಿ’ ಎಂದರೆ ಎಷ್ಟು? ದೀರ್ಘಕಾಲದ ನೋವಿರುವವರು ವ್ಯಾಯಾಮ ಆರಂಭಿಸುವ ಬಗೆ

ವರ್ಷಗಟ್ಟಲೆ ಬೆನ್ನು, ಮೊಣಕಾಲು ಅಥವಾ ಕುತ್ತಿಗೆ ನೋಯುತ್ತಿರುವವರಿಗೆ ವೈದ್ಯರು ‘ಸ್ವಲ್ಪ ಓಡಾಡಿ’ ಎನ್ನುತ್ತಾರೆ. ಆ ‘ಸ್ವಲ್ಪ’ ಎಷ್ಟೆಂದು ಮಾತ್ರ ಬಿಡಿಸಿ ಹೇಳುವವರು ಕಡಿಮೆ. ಹಾಗಾಗಿ ನಾನು ಹತ್ತಿರದಿಂದ ನೋಡಿದ ಹೆಚ್ಚಿನವರು ಒಂದೇ ಕಡೆ ಎಡವಿದ್ದಾರೆ. ನೋವು ಇಳಿದಿರುವ ದಿನ ವಾರದಿಂದ ಬಾಕಿ ಬಿದ್ದ ಕೆಲಸಗಳನ್ನೆಲ್ಲ ಒಟ್ಟಿಗೆ ಮುಗಿಸಿ, ಸಂಜೆ ಒಂದು ಗಂಟೆ ನಡೆದೂ ಬರುತ್ತಾರೆ. ಮರುದಿನದಿಂದ ಮೂರು ದಿನ ಹಾಸಿಗೆ ಹಿಡಿಯುತ್ತಾರೆ. ನಾಲ್ಕನೆಯ ದಿನ ‘ವ್ಯಾಯಾಮ ನನಗೆ ಒಗ್ಗುವುದಿಲ್ಲ’ ಎಂದು ತೀರ್ಮಾನಿಸಿಬಿಡುತ್ತಾರೆ.

1. ತಪಾಸಣೆ

ನೋವು 3 ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಅಥವಾ ಮರುಕಳಿಸುತ್ತಿದ್ದರೆ ಅದನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗ ಇದಕ್ಕೆ ತನ್ನದೇ ಆದ ಸ್ಥಾನ ದೊರೆಯಿತು. ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ತೊಡೆಗಳ ಸಂದಿ ಮರಗಟ್ಟುವುದು, ಕಾಲಿನ ಶಕ್ತಿ ಕುಗ್ಗುತ್ತಾ ಹೋಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ ಜೊತೆಗೂಡುವುದು: ಇವುಗಳಲ್ಲಿ ಯಾವುದೊಂದು ಕಂಡರೂ ಈ ಲೇಖನವನ್ನು ಬದಿಗಿಟ್ಟು ವೈದ್ಯರನ್ನು ಕಾಣಬೇಕು, ಮೊದಲ ಮೂರು ಲಕ್ಷಣಗಳಿದ್ದರೆ ಅದೇ ದಿನ ಕಾಣಬೇಕು. ಇವಾವುವೂ ಇಲ್ಲವೆಂದು ವೈದ್ಯರಿಂದ ಖಚಿತವಾದ ಮೇಲೆ, ಹಳೆಯ ನೋವು ಏರಿದಾಗಲೆಲ್ಲ ಒಳಗೆ ಏನೋ ಮುರಿಯುತ್ತಿದೆ ಎಂದು ಹೆದರಬೇಕಾಗಿಲ್ಲ. ಬಹುಕಾಲ ನೋವು ಅನುಭವಿಸಿದ ನರಮಂಡಲ ಸೂಕ್ಷ್ಮವಾಗಿಬಿಡುತ್ತದೆ. ಗಾಯ ಮಾಗಿದ ಮೇಲೂ ಸಣ್ಣ ಚಲನೆಗೆ ದೊಡ್ಡ ಎಚ್ಚರಿಕೆ ಕೊಡುತ್ತದೆ.

2. ಯಾವ ವ್ಯಾಯಾಮ?

ನಿಮಗೆ ಬೇಸರ ತರಿಸದ್ದು. ನಡಿಗೆ, ನಿಧಾನದ ಯೋಗ, ತೈ ಚಿ ಎಂಬ ನಿಧಾನ ಚಲನೆಯ ಚೀನೀ ವ್ಯಾಯಾಮ, ಎದೆಮಟ್ಟದ ನೀರಿನಲ್ಲಿ ನಡೆಯುವುದು, ಯಾವುದಾದರೂ ಆಗಬಹುದು. ಎದೆಮಟ್ಟದ ನೀರಿನಲ್ಲಿ ಕಾಲುಗಳ ಮೇಲಿನ ಭಾರ ಅರ್ಧಕ್ಕಿಂತ ಕಡಿಮೆಯಾಗುವುದರಿಂದ ಮೊಣಕಾಲು ನೋವಿನವರಿಗೆ ಅದು ಹಿತ. ನನ್ನ ಆಯ್ಕೆ ನಡಿಗೆಯೇ, ಏಕೆಂದರೆ ಅದನ್ನು ನಿಮಿಷಗಳಲ್ಲಿ ಅಳೆಯುವುದು ಸುಲಭ; ಮುಂದಿನ ಹಂತಕ್ಕೆ ಆ ಅಳತೆಯೇ ಆಧಾರ.

3. ನಿಮ್ಮ ಅಳತೆಯನ್ನು ಕಂಡುಕೊಳ್ಳುವುದು

ಎಲ್ಲರೂ ಹಾರಿಬಿಡುವ ಹಂತ ಇದು. ಐದು ದಿನ ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಪ್ರತಿದಿನ ಸಮತಟ್ಟಾದ ಜಾಗದಲ್ಲಿ ನಡೆಯಿರಿ. ಇದ್ದ ನೋವು ಏರತೊಡಗಿತು ಎನ್ನಿಸಿದ ಕೂಡಲೇ ನಿಂತು, ಎಷ್ಟು ನಿಮಿಷವಾಯಿತೆಂದು ಬರೆದುಕೊಳ್ಳಿ. ಒಳ್ಳೆಯ ದಿನ, ಕೆಟ್ಟ ದಿನ ಎರಡೂ ಈ ಐದರಲ್ಲಿ ಇರಲಿ. ಒಳ್ಳೆಯ ದಿನಗಳನ್ನಷ್ಟೇ ಆರಿಸಿ ಬರೆದರೆ ಲೆಕ್ಕವೆಲ್ಲ ಸುಳ್ಳಾಗುತ್ತದೆ. 12, 6, 10, 5, 12 ನಿಮಿಷ ಬಂತೆನ್ನಿ. ಒಟ್ಟು 45, ಸರಾಸರಿ 9. ಇದರಲ್ಲಿ ಐದನೆಯ ಒಂದು ಪಾಲನ್ನು ಕಳೆದರೆ ಸುಮಾರು 7 ಉಳಿಯುತ್ತದೆ. ಮೊದಲ ವಾರ ನಿಮ್ಮ ಪಾಲಿನ ವ್ಯಾಯಾಮ ದಿನಕ್ಕೆ 7 ನಿಮಿಷ. ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

7 ನಿಮಿಷ ಕೇಳಿದವರು ನಗುತ್ತಾರೆ, ನಂತರ 20 ನಿಮಿಷ ನಡೆಯುತ್ತಾರೆ. ಕಷ್ಟವಿರುವುದು ಅಲ್ಲಿಯೇ: ಒಳ್ಳೆಯ ದಿನ ಕಾಲು ಹಗುರವಾಗಿ ಮುಂದೆ ಸಾಗುತ್ತಿರುವಾಗ ಏಳನೆಯ ನಿಮಿಷಕ್ಕೆ ನಿಲ್ಲಬೇಕು, ಕೆಟ್ಟ ದಿನ ಏಳಲು ಮನಸ್ಸಿಲ್ಲದಿದ್ದರೂ ಆ 7 ನಿಮಿಷವನ್ನು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಮಾಡಿಯಾದರೂ ಮುಗಿಸಬೇಕು. ಯಾವಾಗ ನಿಲ್ಲಬೇಕೆಂದು ನಿರ್ಧರಿಸುವ ಅಧಿಕಾರವನ್ನು ನೋವಿನಿಂದ ಕಿತ್ತು ಗಡಿಯಾರಕ್ಕೆ ಕೊಡುವ ಈ ಕ್ರಮವನ್ನು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ 1970ರ ದಶಕದಲ್ಲೇ ಪ್ರತಿಪಾದಿಸಿದ್ದರು.

ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲಿನಷ್ಟು, ಅಂದರೆ ಆರಂಭದಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚಿಲ್ಲದಂತೆ ಏರಿಸಿ. ನಡೆದ ಮೇಲೆ ಏರಿದ ನೋವು 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಪ್ರಮಾಣ ಸರಿಯಾಗಿದೆ. ಇಳಿಯದಿದ್ದರೆ ಹಿಂದಿನ ವಾರದ ಅಳತೆಗೆ ಮರಳಿ. ಸಾಮಾನ್ಯ ಕೆಟ್ಟ ದಿನಗಳಲ್ಲಲ್ಲ, ನೋವು ತೀರಾ ಕೆರಳಿದ ದಿನಗಳಲ್ಲಿ ಮಾತ್ರ ಪ್ರಮಾಣವನ್ನು ಅರ್ಧಕ್ಕೆ ಇಳಿಸಬಹುದು, ಸೊನ್ನೆಗೆ ಇಳಿಸಬಾರದು.

ಮೊಬೈಲಿನಲ್ಲಿ ಹೆಜ್ಜೆ ಎಣಿಸುವ ಆ್ಯಪ್ ಇದ್ದರೆ ಅದರ 10,000 ಹೆಜ್ಜೆಯ ಗುರಿಯನ್ನು ಅಳಿಸಿಹಾಕಿ. ಆ ಸಂಖ್ಯೆ ಪ್ರಚಾರಕ್ಕೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕಿಟ್ಟ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ನಿಮ್ಮ ಬೆನ್ನಿಗೂ ಅದಕ್ಕೂ ಸಂಬಂಧವಿಲ್ಲ. ಸೊಂಟದ ಬೆಲ್ಟ್ ಕಟ್ಟಿಕೊಂಡರೆ ಈ ಲೆಕ್ಕವೆಲ್ಲ ಬೇಡ ಎನ್ನುವವರಿದ್ದಾರೆ. ದೀರ್ಘಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ವ್ಯಾಯಾಮವನ್ನು ಶಿಫಾರಸು ಮಾಡಿದ್ದು, ಬೆಲ್ಟನ್ನು ವಾಡಿಕೆಯ ಚಿಕಿತ್ಸೆಯಾಗಿ ಬಳಸಬಾರದೆಂದಿದೆ.

4. ಜನರ ನೆರವು

‘ಸ್ವಲ್ಪ ಸಹಾಯ ಮಾಡಿ’ ಎಂದು ಕೇಳಿದರೆ ಪ್ರೀತಿಯುಳ್ಳವರು ಎಲ್ಲ ಕೆಲಸವನ್ನೂ ಕೈಯಿಂದ ಕಿತ್ತುಕೊಳ್ಳುತ್ತಾರೆ. ನೋವಿನವರು ಎದ್ದರೆ ‘ಏಳಬೇಡಿ’, ಬಗ್ಗಿದರೆ ‘ಬಗ್ಗಬೇಡಿ’, ಗಂಟೆಗೊಮ್ಮೆ ‘ಈಗ ನೋವು ಹೇಗಿದೆ?’ ಎಂಬ ವಿಚಾರಣೆ. ನರಳಿದಾಗಷ್ಟೇ ಆರೈಕೆ ದೊರೆತು, ಚಲಿಸಿದಾಗ ಗದರಿಕೆ ಸಿಕ್ಕರೆ ಮನುಷ್ಯ ಚಲಿಸುವುದನ್ನೇ ಬಿಡುತ್ತಾನೆ ಎಂಬುದನ್ನೂ ಫೋರ್ಡೈಸ್ ಗುರುತಿಸಿದ್ದರು. ಆದ್ದರಿಂದ ಮನೆಯವರನ್ನು ಒಮ್ಮೆ ಕೂರಿಸಿಕೊಂಡು, ನೋವು ಹೇಗಿದೆ ಎಂಬ ಪ್ರಶ್ನೆಯ ಬದಲು ‘ಇವತ್ತಿನ ಏಳು ನಿಮಿಷ ಆಯಿತೇ?’ ಎಂದು ಕೇಳುವಂತೆ ವಿನಂತಿಸಿ. ಕೆಲಸಗಳನ್ನೂ ಹೀಗೆಯೇ ಒಡೆದು ಹೇಳಿ: ‘ಭಾರದ ಚೀಲ ನೀವು ತನ್ನಿ, ಅದರಲ್ಲಿರುವುದನ್ನು ನಾನು ಜೋಡಿಸುತ್ತೇನೆ’ ಎಂದರೆ ಇಬ್ಬರಿಗೂ ತಮ್ಮ ಪಾಲು ತಿಳಿಯುತ್ತದೆ.

ದುಃಖ ಕೇಳುವವರು, ಕೆಲಸ ಹಂಚಿಕೊಳ್ಳುವವರು, ಜೊತೆಗೆ ನಡೆಯುವವರು, ಈ ಮೂರೂ ಒಬ್ಬರೇ ಆಗಬೇಕೆಂದು ಬಯಸಿದರೆ ಆ ಒಬ್ಬರು ಬೇಗ ದಣಿಯುತ್ತಾರೆ. ಅದೇ ಬಗೆಯ ನೋವಿರುವವರ ಗುಂಪು ಸಿಕ್ಕರೆ ಕೇಳುವ ಕಿವಿಗಳಿಗೆ ಕೊರತೆಯಿರುವುದಿಲ್ಲ, ನಂಬಿಸಬೇಕಾದ ಕಷ್ಟವೂ ತಪ್ಪುತ್ತದೆ. ಆದರೆ ಎರಡನೆಯ ಭೇಟಿಯಲ್ಲೇ ಯಾರಾದರೂ ಪುಡಿ, ಎಣ್ಣೆ ಅಥವಾ ಕಂಪಿಸುವ ಯಂತ್ರವನ್ನು ಮಾರಲು ತೊಡಗಿದರೆ ಆ ಗುಂಪನ್ನು ಬಿಡಿ.

ನಡೆಯುವುದಕ್ಕೆ ಮಾತ್ರ ಗುಂಪು ಬೇಡವೆಂದೇ ನನ್ನ ಖಚಿತ ಸಲಹೆ. ಗುಂಪಿನಲ್ಲಿ ಹಿಂದುಳಿಯಲು ಸಂಕೋಚವಾಗಿ ಜನ ತಮ್ಮ ಅಳತೆ ಮೀರುತ್ತಾರೆ. ಒಬ್ಬ ಜೊತೆಗಾರರು ಸಾಕು. ಗಡಿಯಾರ ಅವರ ಕೈಯಲ್ಲಿರಲಿ, ಏಳನೆಯ ನಿಮಿಷಕ್ಕೆ ‘ಸಾಕು’ ಎನ್ನುವ ಹೊಣೆಯೂ ಅವರದಾಗಿರಲಿ, ನೀವು ಎಷ್ಟೇ ಹುರುಪಿನಲ್ಲಿದ್ದರೂ ಅವರು ಸೋಲಬಾರದು. ಇನ್ನೂ ನಡೆಯುವ ಮನಸ್ಸಿದ್ದರೆ ಅವರೊಬ್ಬರೇ ಮುಂದುವರಿಯಬಹುದು. ಅವರು ಬಾರದ ದಿನ ಒಬ್ಬರೇ ಹೋಗಿ ಅಷ್ಟೇ ನಿಮಿಷ ನಡೆದು ಬನ್ನಿ. ನಡಿಗೆ ತಪ್ಪಿಹೋದ ದಿನದ ಬಾಕಿಯನ್ನು ಮರುದಿನದ ಲೆಕ್ಕಕ್ಕೆ ಸೇರಿಸಬೇಡಿ.