ಚೆಂಡು ಡೀಪ್ ಬೀಳಬೇಕಾದರೆ: ಮೊದಲು ಎತ್ತರ, ಆಮೇಲೆ ಸ್ಪಿನ್, ಜೋರು ಕೊನೆಗೆ

ಟೆನಿಸ್‌ನಲ್ಲಿ ಫೋರ್‌ಹ್ಯಾಂಡ್ ಡೀಪ್ ಆಗಿ, ಅಂದರೆ ಎದುರಿನ ಅಂಕಣದ ಕೊನೆಯ ಗೆರೆಯ (ಬೇಸ್‌ಲೈನ್) ಹತ್ತಿರ ಬೀಳದೆ, ಅಂಕಣದ ನಡುವಿನ ಸರ್ವಿಸ್ ಲೈನ್ ಆಸುಪಾಸಿನಲ್ಲೇ ಬೀಳುತ್ತಿದೆ ಎಂದರೆ ಕ್ಲಬ್‌ನಲ್ಲಿ ಸಿಗುವ ಮೊದಲ ಸಲಹೆ ‘ಇನ್ನೂ ಸ್ವಲ್ಪ ಜೋರಾಗಿ ಹೊಡೀರಿ’ ಅಂತ. ಅದನ್ನು ಪಾಲಿಸಿದರೆ ಒಂದು ಚೆಂಡು ನೆಟ್‌ಗೆ, ಇನ್ನೊಂದು ಹಿಂದಿನ ಬೇಲಿಗೆ. ನಾನು ಹಿಡಿದ ಕ್ರಮ ಇದಕ್ಕೆ ಉಲ್ಟಾ. ಜೋರನ್ನು ಮೊದಲಿದ್ದಷ್ಟೇ ಇಟ್ಟು ಚೆಂಡು ನೆಟ್ ಮೇಲೆ ಎಷ್ಟು ಎತ್ತರದಲ್ಲಿ ದಾಟುತ್ತದೆ ಎನ್ನುವುದನ್ನು ಮಾತ್ರ ಬದಲಿಸಿದೆ. ಸ್ಪಿನ್ ಕೆಲಸ ಅದರ ನಂತರ.

ಕಾರಣ ಲೆಕ್ಕದಲ್ಲೇ ಇದೆ. ನೆಟ್‌ನಿಂದ ಬೇಸ್‌ಲೈನ್‌ಗೆ 11.885 ಮೀಟರ್, ಸರ್ವಿಸ್ ಲೈನ್‌ಗೆ 6.40 ಮೀಟರ್. ನಮಗೆ ಬೇಕಾಗಿರುವುದು ಇವೆರಡರ ನಡುವಿನ ಸುಮಾರು 5.5 ಮೀಟರ್ ಜಾಗದ ಹಿಂದಿನ ಅರ್ಧ. ಬೇಸ್‌ಲೈನ್ ಮೇಲೆ ನಿಂತು, ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಗಂಟೆಗೆ 84 ಕಿ.ಮೀ. ವೇಗದಲ್ಲಿ ಚೆಂಡು ಹೊಡೆದಿರಿ ಎಂದುಕೊಳ್ಳಿ. ಗಾಳಿಯ ತಡೆ, ಸ್ಪಿನ್ ಎರಡನ್ನೂ ಸದ್ಯಕ್ಕೆ ಬಿಡೋಣ. ಅದು ಎದುರಿನ ಬೇಸ್‌ಲೈನ್‌ಗಿಂತ ಒಂದು ಮೀಟರ್ ಒಳಗೆ ಬೀಳಬೇಕಾದರೆ ನೆಟ್‌ನ ಮಧ್ಯದ ಪಟ್ಟಿಯಿಂದ ಮುಕ್ಕಾಲು ಮೀಟರ್ ಮೇಲೆ ದಾಟಲೇಬೇಕು. ಅದೇ ಜೋರಿನಲ್ಲಿ ಬರೀ 30 ಸೆಂ.ಮೀ. ಮೇಲೆ ದಾಟಿದರೆ ಸರ್ವಿಸ್ ಲೈನ್‌ನಿಂದ ಒಂದು ಮೀಟರ್ ಆಚೆಗೇ ಬಿದ್ದುಬಿಡುತ್ತದೆ. ನಿಜವಾದ ಆಟದಲ್ಲಿ ಗಾಳಿ ಚೆಂಡನ್ನು ನಿಧಾನ ಮಾಡುತ್ತದೆ, ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವಂಥ ಸ್ಪಿನ್) ಕೆಳಕ್ಕೆ ಎಳೆಯುತ್ತದೆ. ಹಾಗಾಗಿ ಮುಕ್ಕಾಲು ಮೀಟರೂ ಸಾಲದು. ಇಬ್ಬರೂ ಒಂದೇ ಸಮನೆ ಚೆಂಡು ಹಿಂತಿರುಗಿಸುತ್ತಾ ಆಡುವಾಗಿನ, ಮಧ್ಯಮ ಸ್ಪಿನ್ ಇರುವ ರ‍್ಯಾಲಿ ಚೆಂಡಿಗೆ ಒಂದರಿಂದ ಒಂದೂವರೆ ಮೀಟರ್ ನನ್ನ ಗುರಿ. ನೆಟ್‌ಗೆ ಉಜ್ಜಿಕೊಂಡು ಹೋಗುವ ಶಾಟ್ ನೋಡಲು ಚೆಂದ, ಆದರೆ ಮುಕ್ಕಾಲು ಪಾಲು ಶಾರ್ಟ್ ಚೆಂಡುಗಳ ಮೂಲ ಅದೇ.

ಎತ್ತರ ಕಣ್ಣಿಗೆ ಕಾಣದಿದ್ದರೆ ಅಭ್ಯಾಸ ಆಗುವುದಿಲ್ಲ. ಎರಡೂ ನೆಟ್ ಕಂಬಗಳಿಗೆ ಬಿದಿರಿನ ಗಳ ಬಿಗಿದು, ನೆಲದಿಂದ 1.9 ಮೀಟರ್ ಎತ್ತರದಲ್ಲಿ ನೈಲಾನ್ ದಾರ ಕಟ್ಟಿದೆ. ಅಂದರೆ ನೆಟ್ ಮಧ್ಯದಿಂದ ಹೆಚ್ಚು ಕಡಿಮೆ ಒಂದು ಮೀಟರ್ ಮೇಲೆ. ಕಂಬಗಳ ನಡುವೆ 12.8 ಮೀಟರ್ ಅಂತರ ಇರುವುದರಿಂದ ದಾರ ಜೋಲುತ್ತದೆ, ಚೆನ್ನಾಗಿ ಎಳೆದು ಕಟ್ಟಬೇಕು. ಗಳ ಕಟ್ಟಲು ಬಿಡದ ಕೋರ್ಟ್ ಆದರೆ ನೆಟ್ ಪಟ್ಟಿಯ ಮೇಲೆ ಒಂದು ರಾಕೆಟ್ ನೆಟ್ಟಗೆ ನಿಲ್ಲಿಸಿದ ಹಾಗೆ ಊಹಿಸಿಕೊಳ್ಳಿ. ರಾಕೆಟ್ ಉದ್ದ 68.5 ಸೆಂ.ಮೀ., ಅದರ ತುದಿಗಿಂತ ಒಂದು ಅಡಿ ಮೇಲೆ ಹೋದರೆ ಸಾಕು. ಮೊದಲ ಎರಡು ವಾರ ಬುಟ್ಟಿ ಚೆಂಡು ಇಟ್ಟುಕೊಂಡು, ಕೈಯಿಂದಲೇ ಚೆಂಡು ಬೀಳಿಸಿ, ಪುಟಿದ ಮೇಲೆ ಹೊಡೆಯುವುದು. ದಿನಕ್ಕೆ 40 ಚೆಂಡಿನ ನಾಲ್ಕು ಸುತ್ತು. ಎಲ್ಲಿ ಬಿತ್ತು ಎಂದು ಎಣಿಸಲಿಲ್ಲ, ದಾರದ ಮೇಲೆ ಹೋಯಿತೋ ಇಲ್ಲವೋ ಅಷ್ಟೇ ಲೆಕ್ಕ. 40ಕ್ಕೆ 30 ದಾಟುವವರೆಗೆ ಮುಂದಿನ ಹಂತಕ್ಕೆ ಹೋಗಲಿಲ್ಲ.

ಈ ಹಂತದಲ್ಲಿ ಚೆಂಡು ಲಾಂಗ್ ಹೋಗುತ್ತದೆ, ಅಂದರೆ ಬೇಸ್‌ಲೈನ್ ಆಚೆ ಬೀಳುತ್ತದೆ. ಹೋಗಲಿ. ಹೆದರಿ ತೋಳು ನಿಧಾನ ಮಾಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಲಾಂಗ್ ಹೋಗುವುದನ್ನು ತಡೆಯಬೇಕಾದ್ದು ಸ್ಪಿನ್, ಅಳುಕು ಅಲ್ಲ.

ಇನ್ನು ರಾಕೆಟ್ ಮುಖದ ಕೋನ. ಮೇಲಿನ ಲೆಕ್ಕದಲ್ಲೇ ಚೆಂಡು ಹೊರಡುವ ಕೋನ ಒಂದೇ ಒಂದು ಡಿಗ್ರಿ ಏರಿದರೆ ಸುಮಾರು ಒಂದೂವರೆ ಮೀಟರ್ ಮುಂದೆ ಬೀಳುತ್ತದೆ. ಒಂದು ಮೀಟರ್ ಒಳಗೆ ಬೀಳಬೇಕಿದ್ದ ಚೆಂಡು ಅರ್ಧ ಮೀಟರ್ ಔಟ್. ಚೆಂಡು ಗಟ್ (ರಾಕೆಟ್‌ನಲ್ಲಿ ಹೆಣೆದ ಎಳೆಗಳು) ಮೇಲೆ ಇರುವುದು ಸೆಕೆಂಡಿನ ಸಾವಿರದಲ್ಲಿ ನಾಲ್ಕೈದು ಭಾಗ ಮಾತ್ರ. ಅಷ್ಟರಲ್ಲಿ ಮಣಿಕಟ್ಟು ತಿರುಗಿಸಿ ಕೋನ ಸರಿಮಾಡುತ್ತೇನೆ ಎನ್ನುವುದು ಆಗದ ಮಾತು. ಚೆಂಡಿನ ಮೇಲೆ ರಾಕೆಟ್ ‘ಹೊರಳಿಸಿ’ ಟಾಪ್‌ಸ್ಪಿನ್ ಮಾಡಬೇಕು ಎಂದು ಕೆಲವು ಮಾರ್ಕರ್‌ಗಳು (ಕ್ಲಬ್‌ನಲ್ಲಿ ಜೊತೆಗೆ ಆಡಿ ಕಲಿಸುವವರು) ಇವತ್ತಿಗೂ ಹೇಳಿಕೊಡುತ್ತಾರೆ. ರಾಕೆಟ್ ಹೊರಳುವುದು ಚೆಂಡು ಹೊರಟುಹೋದ ಮೇಲೆ. ಮೊದಲೇ ಹೊರಳಿಸಿದರೆ ಮುಖ ನೆಲಕ್ಕೆ ತಿರುಗಿ ಚೆಂಡು ನೆಟ್ ಬುಡಕ್ಕೆ ಹೋಗುತ್ತದೆ. ಹೊಡೆಯುವ ಕ್ಷಣದಲ್ಲಿ ಮುಖ ನೆಟ್ಟಗಿರಬೇಕು, ಅಥವಾ ಐದಾರು ಡಿಗ್ರಿ ಮುಂದಕ್ಕೆ ಬಾಗಿರಬೇಕು, ಅಷ್ಟೇ.

ಕೋನ ಕಾಯುವುದು ಗ್ರಿಪ್ ಮತ್ತು ಚೆಂಡು ಸಿಗುವ ಜಾಗ. ಹಿಡಿಗೆ ಎಂಟು ಮುಖಗಳಿವೆ. ರಾಕೆಟ್ ಅಂಚು ನೆಲ ನೋಡುವ ಹಾಗೆ ಹಿಡಿದು ಮೇಲಿನ ಮುಖವನ್ನು 1 ಎಂದು ಗಡಿಯಾರದ ದಿಕ್ಕಿನಲ್ಲಿ ಎಣಿಸಿ. ಬಲಗೈಯವರು ತೋರುಬೆರಳಿನ ಬುಡದ ಗೆಣ್ಣನ್ನು 3ರ ಮೇಲಿಟ್ಟರೆ ಈಸ್ಟರ್ನ್, 4ರ ಮೇಲಿಟ್ಟರೆ ಸೆಮಿ ವೆಸ್ಟರ್ನ್, 5ಕ್ಕೆ ವೆಸ್ಟರ್ನ್. ನಾನು ಉಳಿಸಿಕೊಂಡದ್ದು ಸೆಮಿ ವೆಸ್ಟರ್ನ್. ಇದರಲ್ಲಿ ಚೆಂಡು ಮುಂದಿನ ಸೊಂಟಕ್ಕಿಂತ 30–40 ಸೆಂ.ಮೀ. ಮುಂದೆ ಸಿಕ್ಕಾಗ ರಾಕೆಟ್ ಮುಖ ತಾನಾಗಿಯೇ ನೆಟ್ಟಗೆ ಬರುತ್ತದೆ. ಚೆಂಡು ದೇಹದ ಪಕ್ಕಕ್ಕೆ ಬರುವವರೆಗೆ ಕಾದರೆ ಮುಖ ಆಕಾಶಕ್ಕೆ ತೆರೆದುಕೊಂಡು ಚೆಂಡು ತೇಲಿ ಹೋಗುತ್ತದೆ. ಲಾಂಗ್ ಹೋದಾಗಲೆಲ್ಲ ಜೋರು ಜಾಸ್ತಿ ಆಯಿತು ಎಂದುಕೊಳ್ಳುತ್ತೇವೆ. ಸ್ಲೋ ಮೋಷನ್‌ನಲ್ಲಿ ನೋಡಿದರೆ ಹತ್ತಕ್ಕೆ ಏಳೆಂಟು ಸಲ ಕಾಣುವುದು ತಡವಾಗಿ ಹೊಡೆದ ಚೆಂಡು. ತಡವಾಗುವುದಕ್ಕೂ ತೋಳಿನ ವೇಗಕ್ಕೂ ಸಂಬಂಧ ಕಡಿಮೆ, ಭುಜ ತಡವಾಗಿ ತಿರುಗಿರುತ್ತದೆ. ಎಡಗೈ ರಾಕೆಟ್‌ನ ಕುತ್ತಿಗೆಯನ್ನು ಹಿಡಿದೇ ಇರಲಿ, ಎದುರಾಳಿಯ ಚೆಂಡು ನೆಟ್ ದಾಟುವ ಹೊತ್ತಿಗೆ ಎರಡೂ ಭುಜ ಪಕ್ಕಕ್ಕೆ ತಿರುಗಿ ಮುಗಿದಿರಬೇಕು.

ಸ್ಪಿನ್ ಹುಟ್ಟುವುದು ರಾಕೆಟ್ ಕೆಳಗಿನಿಂದ ಮೇಲಕ್ಕೆ ಸಾಗುವ ದಾರಿಯಿಂದ. ಟಾಪ್‌ಸ್ಪಿನ್ ಚೆಂಡಿನ ಮೇಲ್ಭಾಗ ಮುಂದಕ್ಕೆ ಉರುಳುತ್ತಾ ತನ್ನ ಹಿಂದಿನ ಗಾಳಿಯನ್ನು ಮೇಲಕ್ಕೆ ತಿರುಗಿಸುತ್ತದೆ, ಅದಕ್ಕೆ ಪ್ರತಿಯಾಗಿ ಚೆಂಡು ಕೆಳಕ್ಕೆ ಬೀಳುತ್ತದೆ. ಮ್ಯಾಗ್ನಸ್ ಪರಿಣಾಮ ಎನ್ನುವುದು ಇದಕ್ಕೇ. ಹೊಡೆಯುವ ಮುಂಚೆ ರಾಕೆಟ್ ತಲೆ ಚೆಂಡಿಗಿಂತ 30–40 ಸೆಂ.ಮೀ. ಕೆಳಗಿರಬೇಕು, ಅಲ್ಲಿಂದ ಸುಮಾರು 30 ಡಿಗ್ರಿ ಏರಿನಲ್ಲಿ ಮುಂದಕ್ಕೆ. ‘ಮುಂದಕ್ಕೆ’ ಎನ್ನುವ ಪದವನ್ನು ಮರೆತರೆ ಕೆಟ್ಟಿತು. ಸ್ಪಿನ್ ಕಲಿಯಲು ಹೊರಟವರು ಚೆಂಡಿನ ಬೆನ್ನು ನೇರ ಮೇಲಕ್ಕೆ ಉಜ್ಜಲು ಶುರು ಮಾಡುತ್ತಾರೆ. ಚೆಂಡು ಗಿರಗಿರ ತಿರುಗುತ್ತದೆ, ಎತ್ತರಕ್ಕೂ ಹೋಗುತ್ತದೆ, ಬಿದ್ದಿರುವುದು ಮಾತ್ರ ಸರ್ವಿಸ್ ಬಾಕ್ಸ್‌ನಲ್ಲಿ. ಎದುರಾಳಿಗೆ ಅದು ಹಬ್ಬ. ತೀರಾ ಕಡಿದಾದ ಏರಿನಲ್ಲಿ ಗಟ್‌ನ ಉಪಯೋಗಕ್ಕೆ ಬರುವ ಅಗಲವೂ ಕಿರಿದಾಗುವುದರಿಂದ ಚೆಂಡು ಫ್ರೇಮ್‌ಗೆ ತಗಲುವುದು ಹೆಚ್ಚುತ್ತದೆ. ಫ್ರೇಮ್ ಶಾಟ್ ಪದೇ ಪದೇ ಬರುತ್ತಿದ್ದರೆ ಕಣ್ಣು ತಪ್ಪಿತು ಎಂದುಕೊಳ್ಳುವ ಮೊದಲು ಈ ಏರನ್ನು ನೋಡಿಕೊಳ್ಳಿ.

ಇದಕ್ಕೆ ನಾನು ಬಳಸಿದ ಮದ್ದು ಎರಡು. ಒಂದು, ಚೆಂಡು ಹೋದ ಮೇಲೂ ರಾಕೆಟ್ ಮುಖ ಅರ್ಧ ಮೀಟರ್ ಗುರಿಯ ಕಡೆಗೇ ಹೋಗಬೇಕು, ಭುಜ ದಾಟುವುದು ಆಮೇಲೆ. ಸಾಲಾಗಿ ಮೂರು ಚೆಂಡು ಒಂದರ ಹಿಂದೆ ಒಂದು ನಿಂತಿವೆ, ಮೂರನ್ನೂ ಹೊಡೆಯಬೇಕು ಎಂದುಕೊಂಡರೆ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ಇನ್ನೊಂದು, ಮೇಲಕ್ಕೆ ಹೋಗುವ ಬಲದಲ್ಲಿ ಬಹುಪಾಲನ್ನು ಕಾಲಿನಿಂದ ತೆಗೆಯುವುದು. ಮೊಣಕಾಲು ಬಾಗಿದ್ದರೆ ರಾಕೆಟ್ ತಲೆ ತಗ್ಗುತ್ತದೆ, ಕಾಲು ನೆಟ್ಟಗಾಗುವಾಗ ತೋಳೂ ಏರುತ್ತದೆ. ನೆಟ್ಟಗೆ ನಿಂತು ಬರೀ ಮಣಿಕಟ್ಟಿನಿಂದ ಉಜ್ಜಿದರೆ ಎರಡು ವಾರದಲ್ಲಿ ಮೊಣಕೈ ಹಿಡಿದುಕೊಳ್ಳುತ್ತದೆ. ಗ್ರಿಪ್ ಹಿಡಿತವೂ ಸಡಿಲ ಇರಲಿ, ಹತ್ತರಲ್ಲಿ ಮೂರ್ನಾಲ್ಕರಷ್ಟು.

ಸ್ಪಿನ್ ಶುದ್ಧವಾಗಿದೆಯೇ ಎಂದು ನೋಡಲು ಹಳೆಯ ಚೆಂಡಿನ ಸುತ್ತ ಕಪ್ಪು ಸ್ಕೆಚ್ ಪೆನ್ನಿನಿಂದ ದಪ್ಪ ಗೆರೆ ಎಳೆಯಿರಿ. ಗೆರೆ ನೆಟ್ ಕಡೆಗೆ ಇರುವಂತೆ ಬೀಳಿಸಿ ಹೊಡೆದಾಗ ಅದು ಗಾಲಿಯ ಹಾಗೆ ಅಲ್ಲಾಡದೆ ಉರುಳಿದರೆ ಟಾಪ್‌ಸ್ಪಿನ್. ತೂಗಾಡಿದರೆ ಸೈಡ್‌ಸ್ಪಿನ್ ಬೆರೆತಿದೆ, ರಾಕೆಟ್ ಚೆಂಡಿನ ಹೊರ ಮಗ್ಗುಲಿಂದ ಒಳಕ್ಕೆ ಸವರುತ್ತಿದೆ ಎಂದರ್ಥ. ಎಷ್ಟು ಸುತ್ತು ಎಂದು ಫೋನಿನಲ್ಲೇ ಎಣಿಸಬಹುದು. ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್‌ನಲ್ಲಿ ಗೆರೆ ಒಂದು ಪೂರ್ತಿ ಸುತ್ತು ಬರಲು ಎಷ್ಟು ಫ್ರೇಮ್ ಬೇಕಾಯಿತು ನೋಡಿ, 14,400ನ್ನು ಆ ಸಂಖ್ಯೆಯಿಂದ ಭಾಗಿಸಿ. 12 ಫ್ರೇಮ್ ಆದರೆ ನಿಮಿಷಕ್ಕೆ 1200 ಸುತ್ತು, 8 ಆದರೆ 1800. ನಡಾಲ್ ಫೋರ್‌ಹ್ಯಾಂಡ್‌ನ ಸರಾಸರಿ ಸುಮಾರು 3200 ಎಂದು ಹೈಸ್ಪೀಡ್ ಕ್ಯಾಮೆರಾದಲ್ಲಿ ಅಳೆದಿದ್ದಾರೆ, ಅದು ನಮ್ಮ ಗುರಿ ಅಲ್ಲ. 1500 ಸಿಕ್ಕರೆ ದಾರದ ಮೇಲೆ ಹೋದ ಚೆಂಡು ಕೋರ್ಟ್ ಒಳಗೇ ಇಳಿಯುತ್ತದೆ. ಕ್ಯಾಮೆರಾ ಸೊಂಟದ ಎತ್ತರದಲ್ಲಿ, ಚೆಂಡು ಹೊಡೆಯುವ ಜಾಗಕ್ಕೆ ನೇರ ಪಕ್ಕದಲ್ಲಿ, ಐದಾರು ಮೀಟರ್ ದೂರ ಇರಲಿ. ಹಿಂದಿನಿಂದ ತೆಗೆದ ವಿಡಿಯೊ ಸ್ಟೇಟಸ್‌ಗೆ ಹಾಕಲು ಮಾತ್ರ ಉಪಯೋಗ.

ಕೈಯಿಂದ ಬೀಳಿಸಿ ಹೊಡೆದಾಗ ಬಂದ ಸ್ಪಿನ್ ರ‍್ಯಾಲಿಯಲ್ಲಿ ಮಾಯವಾಗುವುದು ಎಲ್ಲರ ಅನುಭವ. ಎದುರಿನಿಂದ ಟಾಪ್‌ಸ್ಪಿನ್‌ನಲ್ಲಿ ಬಂದ ಚೆಂಡನ್ನು ಟಾಪ್‌ಸ್ಪಿನ್‌ನಲ್ಲೇ ವಾಪಸ್ ಮಾಡುವುದೆಂದರೆ ಅದು ತಿರುಗುವ ದಿಕ್ಕನ್ನೇ ಉಲ್ಟಾ ಮಾಡಬೇಕು. ಸ್ಲೈಸ್ ಮಾಡಿದರೆ, ಅಂದರೆ ರಾಕೆಟ್ ಮೇಲಿನಿಂದ ಕೆಳಕ್ಕೆ ತಂದು ಹಿಮ್ಮುಖ ಸ್ಪಿನ್ ಕೊಟ್ಟರೆ, ತಿರುಗುವ ದಿಕ್ಕು ಹಾಗೇ ಮುಂದುವರಿಯುತ್ತದೆ, ಅದಕ್ಕೇ ಸ್ಲೈಸ್ ಸುಲಭ ಅನ್ನಿಸುವುದು. ಆದ್ದರಿಂದ ರ‍್ಯಾಲಿ ಅಭ್ಯಾಸಕ್ಕೆ ಹೋದಾಗ ಸ್ಪಿನ್ ಕಮ್ಮಿಯಾಯಿತೆಂದು ಏರನ್ನು ಇನ್ನೂ ಕಡಿದು ಮಾಡಬಾರದು, ರಾಕೆಟ್ ತಲೆಯ ವೇಗ ಹೆಚ್ಚಿಸಬೇಕು. ಜೋರಿನ ಸರದಿ ಬರುವುದು ಇಲ್ಲಿ. ರ‍್ಯಾಲಿಯನ್ನು ಕ್ರಾಸ್‌ಕೋರ್ಟ್‌ನಲ್ಲೇ ಶುರು ಮಾಡಿ. ಸಿಂಗಲ್ಸ್ ಕೋರ್ಟ್‌ನ ಮೂಲೆಯಿಂದ ಮೂಲೆಗೆ 25.15 ಮೀಟರ್, ನೇರ ಉದ್ದಕ್ಕಿಂತ 1.4 ಮೀಟರ್ ಜಾಸ್ತಿ. ನೆಟ್ ಕೂಡ ಮಧ್ಯದಲ್ಲಿ 91.4 ಸೆಂ.ಮೀ. ಮಾತ್ರ, ಕಂಬದ ಬಳಿ 1.07 ಮೀಟರ್.

ಡೀಪ್ ಬಿದ್ದ ಚೆಂಡೆಲ್ಲ ಒಳ್ಳೆಯ ಚೆಂಡಲ್ಲ. ತೇಲಿಕೊಂಡು ಹೋಗಿ ಬೇಸ್‌ಲೈನ್ ಬಳಿ ಬಿದ್ದರೂ ಪುಟಿದ ಮೇಲೆ ಸತ್ತಿರುತ್ತದೆ. ಹಾಗಾಗಿ ಮೊದಲ ಪುಟಕ್ಕಿಂತ ಆಮೇಲಿನದ್ದನ್ನು ನೋಡುತ್ತೇನೆ. ಎರಡನೇ ಪುಟಕ್ಕೆ ಮೊದಲೇ ಹಿಂದಿನ ಬೇಲಿಗೆ ಬಡಿಯಿತೇ, ಬಡಿದದ್ದು ಮೊಣಕಾಲು ಎತ್ತರದಲ್ಲೋ ಸೊಂಟದೆತ್ತರದಲ್ಲೋ? ಮಣ್ಣಿನ ಕೋರ್ಟ್ ಆದರೆ ಇನ್ನೂ ಅನುಕೂಲ, ಗುರುತೇ ಕಥೆ ಹೇಳುತ್ತದೆ. ಚಪ್ಪಟೆಯಾಗಿ ಬಂದ ಚೆಂಡು ಉದ್ದನೆಯ ಗುರುತು ಬಿಡುತ್ತದೆ, ಸ್ಪಿನ್‌ನಿಂದ ಕಡಿದಾಗಿ ಇಳಿದದ್ದು ಗುಂಡಗಿನ ಗುರುತು. ಬೇಸ್‌ಲೈನ್‌ನಿಂದ 1.8 ಮೀಟರ್ ಒಳಗೆ ಸುಣ್ಣದ ಗೆರೆ ಹಾಕಿ, ಅದರಾಚೆ ಗುಂಡಗಿನ ಗುರುತು ಎಷ್ಟಿವೆ ಎಂದು ಎಣಿಸುವುದೇ ನಮ್ಮ ಅಂಕಪಟ್ಟಿ.

ಗಟ್ಟಿಂಗ್ ವಿಷಯ ಚಿಕ್ಕದು, ಆದರೆ ದುಡ್ಡು ಪೋಲಾಗುವುದು ಇಲ್ಲೇ. 1997ರ ಫ್ರೆಂಚ್ ಓಪನ್ ಅನ್ನು ಬ್ರೆಜಿಲ್‌ನ ಆಟಗಾರ ಕುಯೆರ್ಟೆನ್ ಪಾಲಿಯೆಸ್ಟರ್ ಗಟ್ ಹಾಕಿಕೊಂಡು ಗೆದ್ದ ಮೇಲೆ ಎಲ್ಲರಿಗೂ ಅದೇ ಬೇಕಾಯಿತು. ಅದರ ಗುಣ ಇಷ್ಟೇ: ಉದ್ದದ ಎಳೆಗಳು ಅಡ್ಡದ ಎಳೆಗಳ ಮೇಲೆ ಜಾರಿ, ಚೆಂಡು ಹೋಗುವಷ್ಟರಲ್ಲಿ ಜಿಗಿದು ತಮ್ಮ ಜಾಗಕ್ಕೆ ವಾಪಸ್ ಬರುತ್ತವೆ. ಈ ಜಿಗಿತ ಹೋದರೆ ಪಾಲಿಯೆಸ್ಟರ್ ಬರೀ ಗಟ್ಟಿ ತಂತಿ. ಬೆರಳಿನಿಂದ ಒಂದು ಎಳೆಯನ್ನು ಪಕ್ಕಕ್ಕೆ ಸರಿಸಿ ಬಿಡಿ, ವಾಪಸ್ ಬಾರದೆ ಅಲ್ಲೇ ನಿಂತರೆ ಬದಲಿಸುವ ಹೊತ್ತು ಬಂತು, ತುಂಡಾಗಲಿ ಎಂದು ಕಾಯಬೇಡಿ. ನನ್ನದು 16×19 ಹೆಣಿಗೆ (16 ಉದ್ದದ, 19 ಅಡ್ಡದ ಎಳೆ), ಬಿಗಿತ ಅಂದರೆ ಟೆನ್ಷನ್ 50 ಪೌಂಡ್. ಸ್ಪಿನ್ ಇನ್ನೂ ಕೂರದವರು ಟೆನ್ಷನ್ ಇಳಿಸಿ ಡೀಪ್ ಹುಡುಕಬಾರದು. ಸಿಗುತ್ತದೆ, ಆದರೆ ಪ್ರತಿ ಚೆಂಡೂ ಬೇರೆ ಬೇರೆ ಕಡೆ.

ಬೆಂಗಳೂರಿನಲ್ಲಿ ಆಡುವವರಿಗೆ ಇನ್ನೊಂದು ಮಾತು. ಊರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿ ಕರಾವಳಿಗಿಂತ ಶೇ. 9ರಷ್ಟು ತೆಳು. ಚೆಂಡಿಗೆ ತಡೆಯೂ ಕಡಿಮೆ, ಸ್ಪಿನ್‌ನ ಎಳೆತವೂ ಕಡಿಮೆ. ಎತ್ತರದ ಊರಿಗೆಂದೇ ಇರುವ ಚೆಂಡುಗಳು 1219 ಮೀಟರ್ ಮೇಲಿನ ಜಾಗಕ್ಕೆ, ಇಲ್ಲಿ ಮಾಮೂಲಿ ಚೆಂಡೇ. ಮಂಗಳೂರಿನಲ್ಲಿ ಬೇಸ್‌ಲೈನ್ ಒಳಗೆ ಇಳಿಯುತ್ತಿದ್ದ ಹೊಡೆತ ಇಲ್ಲಿ ಔಟ್ ಹೋಗುವುದು ಸಹಜ. ಎರಡು ಪೌಂಡ್ ಬಿಗಿ ಮಾಡಿಸಿದರೆ ಹೆಚ್ಚು ಕಡಿಮೆ ಸರಿಹೋಗುತ್ತದೆ. ಕರಾವಳಿಗೆ ಇಳಿದಾಗ ಅದರ ಉಲ್ಟಾ: ತೇವಕ್ಕೆ ಚೆಂಡಿನ ಉಣ್ಣೆ ಉಬ್ಬಿ ಭಾರವಾಗುತ್ತದೆ, ದಾರವನ್ನು ಒಂದು ಗೇಣು ಮೇಲೆ ಕಟ್ಟಿ.

ಎರಡು ಕೈಯ ಬ್ಯಾಕ್‌ಹ್ಯಾಂಡ್‌ಗೂ ಇದೇ ಕ್ರಮ. ಬಲಗೈಯವರಿಗೆ ಅದು ಎಡಗೈಯ ಫೋರ್‌ಹ್ಯಾಂಡ್ ಇದ್ದಂತೆ, ಎಡಗೈ ಒಂದರಲ್ಲೇ ದಿನಕ್ಕೆ 20 ಚೆಂಡು ಹೊಡೆದರೆ ಬೇಗ ಕೂರುತ್ತದೆ. ಸ್ಲೈಸ್ ಮಾತ್ರ ಬೇರೆ ಜಾತಿ. ಗ್ರಿಪ್ 2ನೇ ಮುಖಕ್ಕೆ ಬರಬೇಕು, ರಾಕೆಟ್ ಮೇಲಿನಿಂದ ಕೆಳಕ್ಕೆ ಬಂದರೂ ಹೋಗುವುದು ಮುಖ್ಯವಾಗಿ ಮುಂದಕ್ಕೇ. ಕೊಡಲಿ ಹಾಕಿದ ಹಾಗೆ ಕಡಿದರೆ ಚೆಂಡು ಗಾಳಿಯಲ್ಲಿ ನಿಂತು ಸರ್ವಿಸ್ ಬಾಕ್ಸ್‌ನಲ್ಲಿ ಬೀಳುತ್ತದೆ. ಸ್ಲೈಸ್ ಚೆಂಡನ್ನು ಸ್ಪಿನ್ ಮೇಲಕ್ಕೆ ಎತ್ತುವುದರಿಂದ ಅದಕ್ಕೆ ದಾರದ ಎತ್ತರ ಬೇಡ, ನೆಟ್ ಮೇಲೆ ಎರಡು ಗೇಣು ಸಾಕು. ಅಭ್ಯಾಸದಲ್ಲಿ ದಾರದ ಮೇಲೆ ಟಾಪ್‌ಸ್ಪಿನ್, ದಾರದ ಕೆಳಗೆ ಸ್ಲೈಸ್, ಒಂದಾದ ಮೇಲೆ ಒಂದು. 20 ಜೋಡಿ ಮುಗಿಸಿ ದಾರ ಬಿಚ್ಚಿದರೆ ಆವತ್ತಿನ ಕೆಲಸ ಆಯಿತು.