ತಾಳೆಪಟ್ಟಿಯಿಂದ ಮತ್ತೆ ಆರಂಭಿಸಿದ ಗಣಕೀಕರಣ

ಹಳೆ ಮೈಸೂರು ಭಾಗದ ಒಂದು ಪತ್ತಿನ ಸಹಕಾರ ಸಂಘದ ಗಣಕೀಕರಣದ ಕೆಲಸ ನನ್ನ ಕೈಗೆ ಬಂದಾಗ, ಒಪ್ಪಿದ ಗಡುವು ದಾಟಿ ಎಂಟು ತಿಂಗಳಾಗಿತ್ತು. ಹನ್ನೊಂದು ಶಾಖೆಗಳ ಪೈಕಿ ಒಂದರಲ್ಲಿ ಮಾತ್ರ ಹೊಸ ತಂತ್ರಾಂಶ ನಡೆಯುತ್ತಿತ್ತು; ಅಲ್ಲಿಯೂ ಸಿಬ್ಬಂದಿ ಹಗಲು ಕಂಪ್ಯೂಟರಿಗೆ ನಮೂದಿಸಿದ್ದನ್ನೇ ಸಂಜೆ ಕಿರ್ದಿ ಪುಸ್ತಕದಲ್ಲಿ ಮತ್ತೆ ಬರೆಯುತ್ತಿದ್ದರು. ವಾರದ ವರದಿಗಳಲ್ಲಿ ಮಾತ್ರ ಮೂರು ತಿಂಗಳಿಂದ ಶೇಕಡ 90ರಷ್ಟು ಕೆಲಸ ಮುಗಿದಿದೆ ಎಂದೇ ಇತ್ತು.

ನಮ್ಮ ಕಂಪನಿ ಇನ್ನೂ ಆರು ಮಂದಿ ಪ್ರೋಗ್ರಾಮರ್‌ಗಳನ್ನು ಕೊಡಲು ಸಿದ್ಧವಿತ್ತು. ನಾನು ಬೇಡವೆಂದೆ. ತಡವಾದ ಯೋಜನೆಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಐಬಿಎಂನ ಓಎಸ್/360 ಎಂಬ ಕಾರ್ಯಾಚರಣೆ ವ್ಯವಸ್ಥೆಯ ಕೆಲಸವನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು. ಹೊಸಬರಿಗೆ ಎಲ್ಲವನ್ನೂ ವಿವರಿಸಬೇಕಾದವರು ಕೆಲಸ ಬಲ್ಲ ಇಬ್ಬರು ಮೂವರೇ ಆಗಿರುತ್ತಾರೆ. ಅದರ ಬದಲು ನಾನು ಕೇಳಿದ್ದು ಎರಡು ವಾರ ಯಾವ ಹೊಸ ಸೌಲಭ್ಯವನ್ನೂ ಬರೆಯದಿರುವ ಅನುಮತಿಯನ್ನು, ಮತ್ತು ಆ ಒಂದು ಶಾಖೆಯಲ್ಲಿ ಕೂರಲು ಒಂದು ಕುರ್ಚಿಯನ್ನು.

ಮೂರನೆಯ ದಿನ ಅಲ್ಲಿನ ಹಿರಿಯ ಲೆಕ್ಕಿಗರು ಹೇಳಿದರು: "ಸರ್, ನಿಮ್ಮ ಸ್ಕ್ರೀನ್ ಚೆನ್ನಾಗಿದೆ. ಆದರೆ ಸಂಜೆ ನಗದು ಶಿಲ್ಕು ತಾಳೆಯಾಗದೆ ನಾನು ಮನೆಗೆ ಹೋಗುವ ಹಾಗಿಲ್ಲ." ಹಿಂದಿನ ತಂಡ ಹಳೆಯ ದತ್ತಾಂಶವನ್ನು ಹೊಸ ವ್ಯವಸ್ಥೆಗೆ ತುಂಬಿದಾಗ ಬಂದ ವ್ಯತ್ಯಾಸವನ್ನೆಲ್ಲ ಅನಾಮತ್ತು ಖಾತೆಗೆ (ಲೆಕ್ಕ ಸಿಗದ ಮೊತ್ತವನ್ನು ತಾತ್ಕಾಲಿಕವಾಗಿ ಇಡುವ ಖಾತೆ) ಹಾಕಿ ಮುಂದೆ ಸಾಗಿತ್ತು. ಸದಸ್ಯವಾರು ಸಾಲದ ಪಟ್ಟಿಯ ಮೊತ್ತ ಸಂಘದ ಒಟ್ಟು ಲೆಕ್ಕದ ಪುಸ್ತಕವಾದ ಜನರಲ್ ಲೆಡ್ಜರ್‌ನ ಸಾಲದ ಖಾತೆಗಿಂತ ಕಡಿಮೆಯಿತ್ತು. ಹೀಗಿರುವಾಗ ಸಿಬ್ಬಂದಿ ಪುಸ್ತಕ ಬಿಡದಿದ್ದುದು ಹಟವಲ್ಲ, ಕರ್ತವ್ಯ.

ಕಾರಣ ಸಿಕ್ಕಿದ್ದು ನಾವು ಯಾರೂ ನೋಡದಿದ್ದ ಕಡೆ, ಸದಸ್ಯರ ಹೆಸರುಗಳಲ್ಲಿ. ಹಳೆಯ ಕಡತಗಳು ಕನ್ನಡ ಬೆರಳಚ್ಚಿನ ತಂತ್ರಾಂಶ ‘ನುಡಿ’ಯ ಹಳೆಯ ಅಕ್ಷರಗಳಲ್ಲಿದ್ದವು; ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಯೂನಿಕೋಡ್ ಎಂಬ ಸಂಕೇತ ವ್ಯವಸ್ಥೆಗಿಂತ ಹಿಂದಿನವು ಅವು. ಸದಸ್ಯರ ಪಟ್ಟಿಯನ್ನು ಒಂದು ಪರಿವರ್ತಕದಿಂದ, ಸಾಲದ ಪಟ್ಟಿಯನ್ನು ಆರು ತಿಂಗಳ ನಂತರ ಬೇರೊಂದರಿಂದ ಯೂನಿಕೋಡ್‌ಗೆ ತಂದಿದ್ದರು. ಸದಸ್ಯ ಸಂಖ್ಯೆ ಪ್ರತಿ ಶಾಖೆಯಲ್ಲೂ ಒಂದರಿಂದ ಆರಂಭವಾಗುತ್ತಿದ್ದುದರಿಂದ ಎರಡು ಪಟ್ಟಿಗಳನ್ನು ಹೆಸರಿನ ಮೂಲಕ ಜೋಡಿಸಿದ್ದರು. ನುಡಿಯ ಹಳೆಯ ವಿನ್ಯಾಸದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ದಾಖಲಾಗುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ ರಕಾರ ಮೊದಲು ಬರುತ್ತದೆ. ಒಂದು ಪರಿವರ್ತಕ ಈ ಕ್ರಮವನ್ನು ಬದಲಿಸದೆ ಬಿಟ್ಟಿದ್ದರಿಂದ ಸೂರ್ಯನಾರಾಯಣ ಎಂಬ ಹೆಸರು ಒಂದು ಪಟ್ಟಿಯಲ್ಲಿ ಒಡೆದು ನಿಂತಿತ್ತು.

ಅದಾದರೂ ಕಣ್ಣಿಗೆ ಬೀಳುವ ತಪ್ಪು. ಇನ್ನೊಂದು ಕಾಣುವಂಥದ್ದೇ ಅಲ್ಲ. ದೀರ್ಘ ಈಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಹ್ರಸ್ವ ಚಿಹ್ನೆ ಮತ್ತು ದೀರ್ಘದ ಗುರುತು ಎಂದು ಎರಡು ಸಂಕೇತಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಆದ್ದರಿಂದ ಲಕ್ಷ್ಮೀದೇವಿ, ಸೀತಮ್ಮ, ಮೀನಾಕ್ಷಿ ಮೊದಲಾದ ಹೆಸರುಗಳಿದ್ದ ಸಾಲದ ಸಾಲುಗಳು ಸದಸ್ಯರ ಪಟ್ಟಿಗೆ ಹೊಂದದೆ, ಯಾವ ಎಚ್ಚರಿಕೆಯ ಸಂದೇಶವೂ ಇಲ್ಲದೆ ಬಿಟ್ಟುಹೋಗಿದ್ದವು. ಎರಡೂ ಪಟ್ಟಿಗಳನ್ನು ಯೂನಿಕೋಡ್‌ನ ಪ್ರಮಾಣೀಕೃತ ರೂಪಕ್ಕೆ ತಂದು, ಅರ್ಕಾವತ್ತಿನ ಕ್ರಮ ಸರಿಪಡಿಸಿ, ಶಾಖೆಯ ಸಂಖ್ಯೆ ಮತ್ತು ಸದಸ್ಯ ಸಂಖ್ಯೆಯನ್ನು ಕೂಡಿಸಿ ಹೊಸ ಗುರುತು ಕೊಟ್ಟ ಮೇಲೆ ವ್ಯತ್ಯಾಸದ ಬಹುಪಾಲು ಕರಗಿತು. ಉಳಿದದ್ದನ್ನು ಗುಮಾಸ್ತರೊಂದಿಗೆ ಕುಳಿತು ಒಂದೊಂದಾಗಿ ಲೆಡ್ಜರ್ ಹಾಳೆ ತಿರುವಿ ನೋಡಿದೆವು. ಈ ಕೆಲಸಕ್ಕೆ ಅಡ್ಡದಾರಿ ಇರಲಿಲ್ಲ, ನಾನು ಹುಡುಕಲೂ ಇಲ್ಲ.

ಹೆಚ್ಚು ಕಷ್ಟವಾದದ್ದು ಆಡಳಿತ ಮಂಡಳಿಯ ಸಭೆ. ಮಹಾಸಭೆಯ ಹೊತ್ತಿಗೆ ಸದಸ್ಯರ ಕೈಗೆ ಮೊಬೈಲ್ ಆ್ಯಪ್ ಕೊಡುವುದಾಗಿ ಅಧ್ಯಕ್ಷರು ಮಾತು ಕೊಟ್ಟಿದ್ದರು. ಆ್ಯಪ್, ಎಸ್‌ಎಂಎಸ್, ಬಣ್ಣದ ನಕ್ಷೆಗಳು ಈ ವರ್ಷ ಇಲ್ಲ; ಠೇವಣಿ, ಪಿಗ್ಮಿ, ಸಾಲ, ಷೇರು ಮತ್ತು ಜಮಾ ಖರ್ಚು ಹೊಂದುತ್ತದೆಯೇ ಎಂದು ನೋಡುವ ದಿನದ ತಾಳೆಪಟ್ಟಿ ಮಾತ್ರ ಎಂದು ಬರೆದು ಮುಂದಿಟ್ಟೆ. ಒಂದೂವರೆ ಗಂಟೆ ಚರ್ಚೆ ನಡೆಯಿತು. ತಮ್ಮ ಸಾಲ ತಪ್ಪಾಗಿ ಕಾಣುವ ಆ್ಯಪ್ ಸದಸ್ಯರ ಕೈಗೆ ಹೋದರೆ ಏನಾಗಬಹುದು ಎಂದು ಆ ಲೆಕ್ಕಿಗರೇ ವಿವರಿಸಿದ ಮೇಲೆ ಅಧ್ಯಕ್ಷರು ಒಪ್ಪಿದರು.

ವರದಿಯಲ್ಲಿ ಶೇಕಡಾವಾರು ತೆಗೆದುಹಾಕಿ, ಪ್ರತಿ ಶಾಖೆಗೆ ಒಂದೇ ಅಂಕಿಯನ್ನು ಉಳಿಸಿದೆ: ಪುಸ್ತಕಕ್ಕೂ ತಂತ್ರಾಂಶಕ್ಕೂ ಇರುವ ವ್ಯತ್ಯಾಸ, ರೂಪಾಯಿ ಪೈಸೆಯಲ್ಲಿ. ಸತತ ಹತ್ತು ಕೆಲಸದ ದಿನ ಆ ಅಂಕಿ ಸೊನ್ನೆಯಾಗಿದ್ದರೆ ಮಾತ್ರ ಆ ಶಾಖೆ ಪುಸ್ತಕ ನಿಲ್ಲಿಸಬೇಕು, ಆಮೇಲೆ ಮುಂದಿನ ಶಾಖೆಗೆ ಹೋಗಬೇಕು ಎಂಬುದು ನಿಯಮ. ಇದನ್ನು ನಾನೇ ಒಮ್ಮೆ ಮುರಿದೆ. ಮಾರ್ಚ್ 31ರೊಳಗೆ ಮುಗಿಸುವ ಆತುರದಲ್ಲಿ ಎರಡನೆಯ ಶಾಖೆಯನ್ನು ಆರನೆಯ ದಿನಕ್ಕೇ ಪೂರ್ತಿ ತಂತ್ರಾಂಶಕ್ಕೆ ಬದಲಿಸಿದೆ. ಪಿಗ್ಮಿ ಸಂಗ್ರಹಕಾರರು ಸಂಜೆ ವಸೂಲು ಮಾಡಿ ಮರುದಿನ ಬೆಳಿಗ್ಗೆ ಕಟ್ಟುವ ಹಣಕ್ಕೆ ಯಾವ ದಿನಾಂಕ ಹಾಕಬೇಕೆಂಬುದನ್ನು ತೀರ್ಮಾನಿಸಿರಲಿಲ್ಲ. ವರ್ಷಾಂತ್ಯದ ಬಡ್ಡಿ ತಪ್ಪಿತು, ಬ್ಯಾಕಪ್‌ನಿಂದ ಹಿಂದಿನ ಸ್ಥಿತಿಗೆ ಮರಳಬೇಕಾಯಿತು. ಆ ಶಾಖೆಯ ಸಿಬ್ಬಂದಿ ಎರಡು ಭಾನುವಾರ ಕೆಲಸ ಮಾಡಿದರು; ಅವರ ಬಳಿ ಕ್ಷಮೆ ಕೇಳಿದೆ.

ಕೊನೆಯ ಶಾಖೆ ಪುಸ್ತಕ ನಿಲ್ಲಿಸಿದಾಗ ನಾನು ಬಂದು ಹದಿಮೂರು ತಿಂಗಳಾಗಿತ್ತು. ಯಾರದೆಂದು ತಿಳಿಯದ ಕೆಲವು ಹಳೆಯ ಖಾತೆಗಳು ಅನಾಮತ್ತಿನಲ್ಲೇ ಉಳಿದವು. ಅವುಗಳನ್ನು ಒಟ್ಟು ಮೊತ್ತವಾಗಿ ತೋರಿಸದೆ, ಪ್ರತಿ ಖಾತೆಯ ಹೆಸರು ಮತ್ತು ಲೆಡ್ಜರ್ ಪುಟದ ಸಂಖ್ಯೆಯೊಂದಿಗೆ ಪಟ್ಟಿ ಮಾಡಿ ಆಡಿಟರ್‌ಗೆ ಒಪ್ಪಿಸಿದೆವು. ಪಟ್ಟಿಯ ಒಂದು ಪ್ರತಿ ಆ ಹಿರಿಯ ಲೆಕ್ಕಿಗರ ಮೇಜಿನ ಮೇಲಿದೆ.